ನನ್ನದೇನಿಲ್ಲ ಎಂದವರ ಪೇಟೆಂಟು

ಪೇಟೆಂಟ್ ಪರೀಕ್ಷಕನ ನೌಕರಿ ಸಿಕ್ಕ ದಿನ ನಿಮ್ಮ ಮನೆಯಲ್ಲಿ ಪೇಢೆ ಹಂಚಿರುತ್ತಾರೆ. ಹಂಚಲಿ. ಹುನಗುಂದದ ನಮ್ಮ ಮನೆಯಲ್ಲೂ ಹಂಚಿದ್ದರು. ನಮ್ಮ ಅವ್ವ ಓಣಿಯ ತುಂಬ, "ನನ್ನ ಮಗಾ ಹೊಸಾ ಹೊಸಾ ಮಷಿನ್ ಕಂಡುಹಿಡಿಯೋ ಆಫೀಸಿನ್ಯಾಗ ಸಾಹೇಬ ಆಗ್ಯಾನ" ಎಂದು ಹೇಳಿಕೊಂಡು ಬಂದಿದ್ದಳು. ನಾವು ಏನನ್ನೂ ಕಂಡುಹಿಡಿಯುವುದಿಲ್ಲ, ಕಂಡುಹಿಡಿದವರು ಬಂದರೆ "ಇದರಲ್ಲಿ ದೊಡ್ಡದೇನಿದೆ?" ಎಂದು ಕೇಳುವುದೇ ನಮ್ಮ ಕೆಲಸ ಎಂದು ಅವಳಿಗೆ ಕೊನೆಯವರೆಗೂ ತಿಳಿಸಿ ಹೇಳಲು ನನ್ನಿಂದ ಆಗಲಿಲ್ಲ.

ಬಡ್ತಿಗಳ ಕಥೆ ಬರೆಯುವುದಿಲ್ಲ. ಬಡ್ತಿ ಎನ್ನುವುದು ಕೂದಲು ಬೆಳ್ಳಗಾದ ಹಾಗೆ, ಸುಮ್ಮನೆ ಕೂತರೂ ಬರುತ್ತದೆ. ಕೆಲಸ ಹೇಗಿತ್ತು ಎನ್ನುವುದನ್ನಷ್ಟೇ ಹೇಳುತ್ತೇನೆ. ಓದಿ ನಿಮಗೆ ಉತ್ಸಾಹ ಬಂದರೆ ಅದು ನನ್ನ ಬರವಣಿಗೆಯ ದೋಷ.

ಅರ್ಜಿ ಕೈಗೆ ಬಂದರೆ ನಾವು ಮುಖ್ಯವಾಗಿ ಕೇಳುವುದು ಎರಡು ಪ್ರಶ್ನೆ. ಇದು ಹೊಸದೇ? ಹೊಸದಾದರೂ, ಆ ವಿದ್ಯೆ ಬಲ್ಲ ಒಬ್ಬ ಸಾಧಾರಣ ಮನುಷ್ಯನಿಗೆ ತಾನಾಗಿಯೇ ಹೊಳೆಯುವಂಥದ್ದೇ? ಹೊಳೆಯುವಂಥದ್ದಾದರೆ ಪೇಟೆಂಟ್ ಇಲ್ಲ. ಮೊದಲನೆಯದನ್ನು ಹುಡುಕಾಡಿ ಹೇಳಬಹುದು. ಎರಡನೆಯದಕ್ಕೆ ಆ ಸಾಧಾರಣ ಮನುಷ್ಯನ ತಲೆಯೊಳಗೆ ಹೊಕ್ಕು ಕೂಡಬೇಕು. ಅಂಥ ಮನುಷ್ಯ ಎಲ್ಲೂ ಇಲ್ಲ, ಕಾನೂನು ಹುಟ್ಟಿಸಿದವನು ಅವನು. ನೌಕರಿಯ ಉದ್ದಕ್ಕೂ ನಾನು ಇಲ್ಲದವನೊಬ್ಬನ ತಲೆಯಲ್ಲಿ ಬಾಡಿಗೆಗೆ ಇದ್ದೆ.

ಭೌತಶಾಸ್ತ್ರ ಓದಿದ್ದಕ್ಕೆ ನನ್ನ ಪಾಲಿಗೆ ಬಂದದ್ದು ಕಂಪ್ಯೂಟರಿನೊಳಗಿನ ಚಿಪ್ಪುಗಳ ಅರ್ಜಿಗಳು, ಅದರಲ್ಲೂ ಮಾಸ್ಕಿಂಗ್. ಮಾಸ್ಕ್ ಎಂದರೆ ಮರೆ. ಗೋಡೆಗೆ ಬಣ್ಣ ಹಚ್ಚುವವರು ಕಿಟಕಿಯ ಚೌಕಟ್ಟಿಗೆ ಕಾಗದದ ಪಟ್ಟಿ ಅಂಟಿಸುತ್ತಾರಲ್ಲ, ಅಷ್ಟೇ. ಸಿಲಿಕಾನ್ ಬಿಲ್ಲೆಯ ಮೇಲೆ ಬೇಕಾದ ಜಾಗಕ್ಕೆ ಮರೆ ಕಟ್ಟಿ, ಉಳಿದದ್ದನ್ನು ಕೊರೆದು ತೆಗೆಯುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು. ಮರೆ ಕೂದಲೆಳೆಯ ಸಾವಿರದಲ್ಲೊಂದು ಪಾಲು ಆಚೀಚೆ ಆದರೂ ಚಿಪ್ಪು ಕಸಕ್ಕೆ.

ನಾನು ಬರೆದ ಮೊದಲ ವರದಿಯೇ ಮುಗ್ಗರಿಸಿತು. ಎರಡು ಪದರದ ಮರೆಯ ಬಗೆಗಿನ ಅರ್ಜಿ ಅದು. ಓದಿ, "ಇದು ಯಾರಿಗಾದರೂ ಹೊಳೆಯುವಂಥದ್ದು" ಎಂದು ಠಸ್ಸೆ ಹೊಡೆದ ಹಾಗೆ ಬರೆದುಬಿಟ್ಟೆ. ಆಗ ನಮ್ಮ ಮೇಲಧಿಕಾರಿ ದೇಸಾಯಿ ಸಾಹೇಬರು, ಧಾರವಾಡದ ಕಡೆಯವರು. ನನ್ನನ್ನು ಕರೆದರು.

"ಏನಪಾ, ಯಾರಿಗಾದ್ರೂ ಹೊಳೀತದ ಅಂತ ಬರದೀಯಲ್ಲ, ನಿನಗ ಯಾವಾಗ ಹೊಳೀತು?"

"ಅರ್ಜಿ ಓದಿದ ಮ್ಯಾಲೆ ಹೊಳೀತ್ರಿ."

"ಓದಿದ ಮ್ಯಾಲೆ ನಮ್ಮ ಮನಿ ಎಮ್ಮಿಗೂ ಹೊಳೀತದ."

ಅಂದಿನಿಂದ ಅವರದೊಂದು ಪದ್ಧತಿ ನನಗೆ ಅಂಟಿತು. ಹೊಸ ಅರ್ಜಿ ಬಂದರೆ ಸಾಹೇಬರು ಪರಿಹಾರ ಇರುವ ಹಾಳೆಗಳನ್ನು ಕಿತ್ತು ತಮ್ಮ ಡ್ರಾವರಿನಲ್ಲಿ ಹಾಕಿ ಕೀಲಿ ಜಡಿಯುತ್ತಿದ್ದರು. ತೊಡಕು ಏನು ಎನ್ನುವ ಹಾಳೆ ಮಾತ್ರ ನನ್ನ ಕೈಗೆ. "ನೀ ಬಿಡಿಸು ನೋಡೂಣು" ಎನ್ನುತ್ತಿದ್ದರು. ಮರುದಿನ ಸಂಜೆಯವರೆಗೂ ತಲೆ ಕೆರೆದುಕೊಂಡು ನನ್ನ ಉತ್ತರ ಒಯ್ದರೆ ಆಗ ಕೀಲಿ ತೆಗೆಯುವುದು. ನನ್ನ ಉತ್ತರವೂ ಅರ್ಜಿದಾರನ ಉತ್ತರವೂ ಒಂದೇ ಆದರೆ ಅದು ಹೊಳೆಯುವಂಥದ್ದು. ಆಗದಿದ್ದರೆ ಬಾಯಿ ಮುಚ್ಚಿಕೊಂಡು ಇನ್ನಷ್ಟು ಹುಡುಕಬೇಕು. ಒಗಟು ಒಡೆದ ಮೇಲೆ ಎಲ್ಲರೂ ಜಾಣರೇ. ಒಡೆಯುವ ಮುಂಚೆ ಎಷ್ಟು ಜನ ಜಾಣರಿದ್ದರು ಎನ್ನುವುದೇ ನಮ್ಮ ವೃತ್ತಿಯ ಲೆಕ್ಕ.

ದೇಸಾಯಿ ಸಾಹೇಬರು ನಿವೃತ್ತರಾದರು, ಡ್ರಾವರಿನ ಕೀಲಿಯೂ ಹೋಯಿತು. ಕಂಪ್ಯೂಟರ್ ಬಂತು. ಈಗ ಅರ್ಜಿಯ ನಾಲ್ಕು ಶಬ್ದ ಹಾಕಿದರೆ ಜಗತ್ತಿನ ಹಳೆಯ ಪೇಟೆಂಟುಗಳೆಲ್ಲ ಸಾಲಾಗಿ ನಿಲ್ಲುತ್ತವೆ, ಬೇಕಾದ ಸಾಲುಗಳಿಗೆ ಹಳದಿ ಬಣ್ಣ ಹತ್ತಿರುತ್ತದೆ. ಅನುಕೂಲವೇ. ಆದರೆ ಉತ್ತರ ಗೊತ್ತಿದ್ದವನು ಹುಡುಕಿದರೆ ಸಿಗುವುದು ಉತ್ತರವೇ. ಅಲ್ಲೊಂದು ತುಂಡು, ಇಲ್ಲೊಂದು ತುಂಡು ಹೆಕ್ಕಿ ಹೊಲಿದು, "ನೋಡಿ, ಎಲ್ಲ ಮೊದಲೇ ಇತ್ತು" ಎಂದು ಬರೆಯುವುದು ಸುಲಭ. ತಿಂಗಳಿಗೆ ಇಷ್ಟು ಅರ್ಜಿ ಮುಗಿಸಬೇಕು ಎಂಬ ಗುರಿ ಬಂದ ಮೇಲಂತೂ ಹೊಲಿಯುವವರದೇ ಕಾಲ.

ಇನ್ನೊಂದು ಸಂಗತಿಯನ್ನು ಆಗಲೇ ಕಂಡುಕೊಂಡೆ. ದೊಡ್ಡ ಕಂಪನಿಯೊಂದು ಮೂರು ಪದರದ ಮರೆಯನ್ನು ನಾಲ್ಕು ಪದರ ಮಾಡಿ ಅರ್ಜಿ ಹಾಕಿತ್ತು. ಅವರ ವಕೀಲರು ಅದನ್ನು ಎಂಥ ಭಾಷೆಯಲ್ಲಿ ಬರೆದಿದ್ದರೆಂದರೆ, ಒಂದು ವಾಕ್ಯ ಶುರುವಾದರೆ ಚಹಾ ಕುಡಿದು ಬಂದರೂ ಮುಗಿದಿರುತ್ತಿರಲಿಲ್ಲ. ಓದಿದ ಯಾರಿಗೂ ತಿಳಿಯಲಿಲ್ಲ. ತಿಳಿಯದ್ದು ಹೊಳೆಯದ್ದೇ ಇರಬೇಕು ಎಂದು ಅದು ಪಾಸಾಯಿತು. ತಿಳಿಯುವ ಹಾಗೆ ಬರೆದವನ ಗತಿ ಏನು ಎಂದು ಆಗ ನಾನು ಯೋಚಿಸಲಿಲ್ಲ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ.

ಅಕ್ಕನ ಮಗಳ ಕುಬಸಕ್ಕೆಂದು ರಜೆ ಹಾಕಿ ಇಳಕಲ್ಲಿಗೆ ಬಂದಿದ್ದೆ. ಚೊಚ್ಚಲ ಬಸುರಿಗೆ ಹೊಸ ಸೀರೆ ಉಡಿಸಿ ಉಡಿ ತುಂಬುವ ಕಾರ್ಯ, ಮನೆಯಲ್ಲಿ ಗಂಡಸರಿಗೆ ನಿಲ್ಲಲು ಜಾಗವಿರಲಿಲ್ಲ. ಅಕ್ಕನ ಗಂಡ ಹೆಗಲಿಗೆ ಟವೆಲ್ ಹಾಕಿಕೊಂಡು, "ಬರ್ರಿ, ಹೆಣ್ಮಕ್ಕಳ ಗದ್ಲದಾಗ ನಮಗೇನ್ ಕೆಲಸ? ಮಠದಾಗ ಇವತ್ತ ಶಿವಾನುಭವ ಐತಿ, ಹೋಗೂಣು" ಎಂದ. ತಿಂಗಳಿಗೊಮ್ಮೆ ನಡೆಯುವ ಗೋಷ್ಠಿ ಅದು. ವಚನದ ಮೇಲೆ ಒಬ್ಬರು ಮಾತಾಡುತ್ತಾರೆ, ಆಮೇಲೆ ಊರಿನವರೋ ನೆರೆಯವರೋ ತಮಗೆ ಗೊತ್ತಿದ್ದ ವಿದ್ಯೆಯನ್ನು ನಾಲ್ಕು ಜನಕ್ಕೆ ಹೇಳುತ್ತಾರೆ. ಅನ್ನದಾಸೋಹದ ಹಾಗೆ ಅದು ಅರಿವಿನ ದಾಸೋಹ. ಗೊತ್ತಿದ್ದದ್ದನ್ನು ಮುಚ್ಚಿಟ್ಟುಕೊಂಡವನು ಅಲ್ಲಿ ಜಿಪುಣನಿಗಿಂತ ಕಡೆ.

ಅಂದು ಮಾತಾಡಿದವರು ಮಹಾಂತೇಶ. ಗುಡೂರಿನ ಒಕ್ಕಲುತನದ ಮನೆಯವರು, ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದರು. ರಜೆ ಬಂದಾಗೆಲ್ಲ ಬೆಂಗಳೂರಿನ ದೊಡ್ಡ ಪ್ರಯೋಗಾಲಯವೊಂದಕ್ಕೆ ಹೋಗಿ, ಅವರು ಕೊಟ್ಟ ಸಮಯದಲ್ಲಿ ತಮ್ಮ ಕೆಲಸ ಮಾಡಿಕೊಂಡು ಬರುತ್ತಿದ್ದರಂತೆ. ಮಾಸ್ಕಿಂಗ್ ಎಂಬ ಮಾತು ಕಿವಿಗೆ ಬಿದ್ದೊಡನೆ ನಾನು ನೆಟ್ಟಗೆ ಕೂತೆ. ರಜೆಯಲ್ಲೂ ಇದು ನನ್ನನ್ನು ಬಿಡಲೊಲ್ಲದಲ್ಲ ಎನಿಸಿತು.

ಅವರು ಹೇಳಿದ್ದು ಇದು. ಬಹಳ ಸಣ್ಣ ಗೆರೆ ಬೇಕಾದಾಗ ಮೊದಲು ಒಂದು ದಿಂಡು ಎಬ್ಬಿಸುತ್ತಾರೆ. ದಿಂಡಿನ ಎರಡೂ ಮಗ್ಗುಲಿಗೆ ತೆಳ್ಳಗಿನ ಗೋಡೆ ಕೂಡಿಸುತ್ತಾರೆ. ನಡುವಿನ ದಿಂಡನ್ನು ತೆಗೆದರೆ ಎರಡು ತೆಳು ಗೋಡೆ ಉಳಿಯುತ್ತವೆ, ಅವೇ ಮರೆ. ತೊಡಕು ಎಂದರೆ, ದಿಂಡು ಹೋದೊಡನೆ ಗೋಡೆಗಳು ವಾಲುತ್ತವೆ. ಜಗತ್ತೆಲ್ಲ ಗೋಡೆಯನ್ನು ಗಟ್ಟಿ ಮಾಡಲು ಹೆಣಗುತ್ತಿತ್ತು. ಮಹಾಂತೇಶ ಗೋಡೆಯನ್ನು ಮುಟ್ಟಲಿಲ್ಲ. ದಿಂಡನ್ನು ಪೂರ್ತಿ ತೆಗೆಯದೆ ಬುಡದಲ್ಲಿ ಸ್ವಲ್ಪ ಬಿಟ್ಟರು.

"ನಮ್ಮ ಮಂದಿ ಸ್ಲ್ಯಾಬ್ ಹಾಕಿದ ಮ್ಯಾಲೆ ಸೆಂಟ್ರಿಂಗ್ ಎಲ್ಲಾ ಒಮ್ಮೆಲೆ ಬಿಚ್ತಾರೇನ್ರಿ?" ಎಂದು ಸಭೆಯನ್ನೇ ಕೇಳಿದರು. "ಹಲಗಿ ತಗೀತಾರ, ನಡುನಡುವ ಕಂಬ ಬಿಟ್ಟಿರ್ತಾರ. ಗಟ್ಟಿ ಆತು ಅಂದ ಮ್ಯಾಲೆ ತಗೀತಾರ. ನಾನೂ ಅಷ್ಟ ಮಾಡೀನ್ರಿ."

ಮುದುಕರು ತಲೆದೂಗಿದರು. ನನ್ನ ಪಕ್ಕದಲ್ಲಿದ್ದ, ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ವ್ಯಾಪಾರಿ, "ತಿಳೀತ್ ನೋಡ್ರಿ" ಎಂದ. ಎಷ್ಟೋ ವರ್ಷ ಅದೇ ಕ್ಷೇತ್ರದ ಅರ್ಜಿ ಓದಿದ ನನಗೂ ಅಷ್ಟು ಚೆನ್ನಾಗಿ ಯಾರೂ ತಿಳಿಸಿರಲಿಲ್ಲ. ಮಠದ ಅಜ್ಜಾರು, ಅಂದರೆ ಸ್ವಾಮಿಗಳು, ಎದ್ದು ಶಾಲು ಹೊದಿಸಿ, "ಇಂಥಾ ಬುದ್ಧಿ ನಮ್ಮ ಸೀಮಿಯೊಳಗ ಹುಟ್ಟಿದ್ದು ನಮ್ಮ ಪುಣ್ಯ" ಎಂದರು. ಮಹಾಂತೇಶ ನಮಸ್ಕಾರ ಮಾಡಿ ಮತ್ತೆ ಮೈಕಿಗೆ ಬಂದರು.

"ಇದರಾಗ ನಂದೇನ್ ಇಲ್ರಿ. ಇಳಕಲ್ಲಿನ ಮನಿ ಕಟ್ಟೂ ಯಾವ ಗೌಂಡಿನ್ನ ಕೇಳಿದ್ರೂ ಹೇಳ್ತಾನ. ಎಲ್ಲಾ ಅಜ್ಜಾರ ಆಶೀರ್ವಾದ."

"ನೋಡ್ರಿ, ತುಂಬಿದ ಕೊಡ ತುಳುಕೂದಿಲ್ಲ" ಎಂದರು ಅಜ್ಜಾರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಮಠದ ಯುವಕರು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದರು.

ಕೆಲವು ತಿಂಗಳ ಮೇಲೆ ಮಹಾಂತೇಶರು ಪೇಟೆಂಟ್ ಅರ್ಜಿ ಹಾಕಿದರು. ಅದು ಸರದಿಯಲ್ಲಿ ಪರೀಕ್ಷೆಗೆ ಬಂದಾಗ ನನ್ನ ಮೇಜಿಗೇ ಬಂತು. ವಕೀಲರಿಲ್ಲ, ಏಜೆಂಟರಿಲ್ಲ, ತಾವೇ ಬರೆದಿದ್ದರು. ಎಂಥ ಸ್ವಚ್ಛ ಬರವಣಿಗೆ! ಜೊತೆಗೆ ಕಾಲೇಜಿನ ಪತ್ರವೊಂದಿತ್ತು, ಬೇಗ ಪರೀಕ್ಷಿಸಬೇಕು ಎಂದು. ಪೇಟೆಂಟ್ ಸಿಕ್ಕರೆ ಒಂದು ಕಂಪನಿ ಬಾಗಲಕೋಟೆಯ ಕಾಲೇಜಿನಲ್ಲೇ ಸಣ್ಣದೊಂದು ಪ್ರಯೋಗಾಲಯ ಕಟ್ಟಿಕೊಡುವ ಮಾತಾಗಿತ್ತು. ಕೋಣೆ ಖಾಲಿ ಮಾಡಿ, ಧೂಳು ಕೂಡದ ನೆಲ ಹಾಕಿಸಿ ಕಾಯುತ್ತಿದ್ದರು. ನಮ್ಮ ಕಡೆಯ ಮಕ್ಕಳು ಚಿಪ್ಪನ್ನು ಪುಸ್ತಕದ ಚಿತ್ರದಲ್ಲಲ್ಲದೆ ಕೈಯಲ್ಲಿ ಮಾಡಿ ನೋಡುವುದು ಈ ಒಂದು ಪೇಟೆಂಟಿನ ಮೇಲೆ ನಿಂತಿತ್ತು.

ನಾನು ಹುಡುಕಿದೆ. ಸಿಕ್ಕ ಪುಸ್ತಕ, ಸಿಕ್ಕ ಪೇಟೆಂಟು ಎಲ್ಲ ಒಂದೇ ಸಮ ಎಚ್ಚರಿಸುತ್ತಿದ್ದವು: ದಿಂಡಿನ ಚೂರೂ ಉಳಿಯಬಾರದು, ಉಳಿದರೆ ಕೊರೆತ ಕೆಡುತ್ತದೆ. ಇವರು ಉಳಿಸಿದ್ದರು. ಉಳಿದ ಬುಡ ಆಮೇಲಿನ ಕೊರೆತದಲ್ಲೇ ತಾನಾಗಿ ಕರಗಿ ಹೋಗುವ ಹಾಗೆ ಹದ ಕಂಡುಕೊಂಡಿದ್ದರು. ಎಲ್ಲರೂ ಹೋಗಬೇಡಿ ಎಂದ ದಾರಿಯಲ್ಲಿ ಹೋಗಿ ಊರು ಮುಟ್ಟಿದವರು. ದೇಸಾಯಿ ಸಾಹೇಬರ ಡ್ರಾವರಿಗೆ ಇದನ್ನು ಹಾಕಿದ್ದರೆ ನಾನು ಜನ್ಮವಿಡೀ ಕೂತರೂ ಬಿಡಿಸುತ್ತಿರಲಿಲ್ಲ.

ಆದರೆ ಗೋಷ್ಠಿ? ಅರ್ಜಿ ಹಾಕುವ ಮುಂಚೆ ಸಾರ್ವಜನಿಕವಾಗಿ ಆಡಿದ ಮಾತು ಅದು, ಇವತ್ತಿಗೂ ಯೂಟ್ಯೂಬಿನಲ್ಲಿದೆ. ಅರ್ಜಿಗೆ ಮುಂಚೆ ಬಯಲಾದದ್ದು ಕಾನೂನಿನ ಕಣ್ಣಿಗೆ ಹೊಸದಲ್ಲ. ಕಡತವನ್ನು ಕನ್ನಡ ಬಾರದ ಬೇರೆ ಪರೀಕ್ಷಕರಿಗೆ ದಾಟಿಸಬಹುದಿತ್ತು. ಅವರಿಗೆ ಇಳಕಲ್ಲಿನ ಮಠದ ವಿಡಿಯೋ ಕನಸಿನಲ್ಲೂ ಸಿಗುತ್ತಿರಲಿಲ್ಲ. ಆದರೆ ಗೊತ್ತಿದ್ದೂ ದಾಟಿಸುವುದು ಮುಚ್ಚಿಡುವುದೇ. ಗೋಷ್ಠಿಯ ಸಂಗತಿಯನ್ನು ವರದಿಯಲ್ಲಿ ಬರೆದೆ. ಇದನ್ನು ತಪ್ಪೊಪ್ಪಿಗೆ ಎಂದು ಓದಬೇಡಿ. ನಾಳೆ ಅದೇ ಕಡತ ಮತ್ತೆ ಬಂದರೂ ಹಾಗೇ ಬರೆಯುತ್ತೇನೆ. ನನ್ನ ಸಂಕಟ ಇರುವುದೇ ಅಲ್ಲಿ.

ಬರೆದು ಸುಮ್ಮನಾಗಲಿಲ್ಲ, ಮಹಾಂತೇಶರ ಪರವಾಗಿ ಇದ್ದದ್ದನ್ನೆಲ್ಲ ಬರೆದೆ. ಗೋಷ್ಠಿಯಲ್ಲಿ ಹೇಳಿದ್ದು ಬರೀ ಹೋಲಿಕೆ, ಬುಡ ಕರಗಿಸುವ ಹದವನ್ನು ಅಲ್ಲಿ ಹೇಳಿಲ್ಲ ಎಂದು ಬರೆದೆ. ಚಿಪ್ಪು ಮಾಡುವವರು ಗೌಂಡಿಯನ್ನು ಕೇಳಲು ಹೋಗುವುದಿಲ್ಲ ಎಂದು ಬರೆದೆ. ವಿದ್ವತ್ ಸಭೆಯ ಮುಂದೆ ಮಂಡಿಸಿ, ಅಲ್ಲಿಂದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಆ ಮಂಡನೆಯನ್ನು ಅವರ ವಿರುದ್ಧ ಬಳಸಬಾರದು ಎಂದು ಕಾನೂನಿದೆ, ಶಿವಾನುಭವ ಗೋಷ್ಠಿಯೂ ವಿದ್ವತ್ ಸಭೆಯೇ ಎಂದೂ ಬರೆದೆ.

ತೀರ್ಪು ಕೊಡುವವರು ಕಂಟ್ರೋಲರ್. ಉತ್ತರ ಭಾರತದ ಕಡೆಯವರು, ಕೆಟ್ಟವರಲ್ಲ, ಚುರುಕು. ಕನ್ನಡ ಬಾರದ ಕಾರಣ ಭಾಷಣವನ್ನು ನನ್ನಿಂದಲೇ ಅನುವಾದ ಮಾಡಿಸಿ ಓದಿದರು.

"ವಿದ್ವತ್ ಸಭೆ ಎಂದರೆ ವಿಜ್ಞಾನಿಗಳದ್ದು. ಇದು ಮಠ" ಎಂದರು ಮೊದಲು. ಆಮೇಲೆ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಇದರಲ್ಲಿ ನನ್ನದೇನಿಲ್ಲ, ಯಾವ ಗೌಂಡಿಯೂ ಹೇಳುತ್ತಾನೆ ಎಂದು ಕಂಡುಹಿಡಿದವರೇ ಹೇಳಿದ್ದಾರೆ. ಅಲ್ಲ ಎನ್ನಲು ನೀವು ಯಾರು?"

"ಸರ್, ಅದು ನಮ್ಮ ಕಡೆ ಮಾತಾಡುವ ರೀತಿ. ಹೋಳಿಗೆ ಊಟ ಬಡಿಸಿ, ಚೆನ್ನಾಗಿದೆ ಎಂದರೆ, ಏನಿಲ್ಲ, ಸಾದಾ ಅಡುಗೆ ಎನ್ನುತ್ತಾರೆ."

"ಹೋಳಿಗೆಗೆ ಯಾರೂ ಪೇಟೆಂಟ್ ಕೇಳಿಲ್ಲವಲ್ಲ."

ಆಮೇಲೆ ಅವರೇ ಒಂದು ದಾರಿ ತೋರಿಸಿದರು. "ಹದದ ಬಗ್ಗೆ ನೀವು ಬರೆದದ್ದು ನನಗೂ ಒಪ್ಪಿಗೆಯಾಗುವಂತಿದೆ. ಅಡ್ಡಿ ಈ ಸಾಲೊಂದೇ. ವಿಚಾರಣೆಯಲ್ಲಿ ಅವರೇ ಹೇಳಲಿ, ಅದು ಬರೀ ಉಪಚಾರದ ಮಾತು ಎಂದು. ಹೇಳಿದರೆ ಪೇಟೆಂಟ್ ಕೊಡುತ್ತೇನೆ."

ಒಂದೇ ವಾಕ್ಯ. ಅಷ್ಟಕ್ಕೆ ಪ್ರಯೋಗಾಲಯ ಬರುತ್ತಿತ್ತು. ಅರ್ಜಿದಾರರಿಗೆ ಮುಂಚಿತವಾಗಿ ಫೋನ್ ಮಾಡಿ ಹೇಳುವ ಹಾಗಿಲ್ಲ, ಮಾಡಲಿಲ್ಲ.

ವಿಚಾರಣೆ ನಡೆದದ್ದು ಕಂಪ್ಯೂಟರ್ ಪರದೆಯ ಮೇಲೆ. ಬಾಗಲಕೋಟೆಯಿಂದ ಮಹಾಂತೇಶ ಕೂತಿದ್ದರು, ಬಿಳಿ ಅಂಗಿ, ಹಣೆಗೆ ವಿಭೂತಿ. ಹದದ ಬಗ್ಗೆ, ಕೊರೆತದ ಬಗ್ಗೆ ಇಂಗ್ಲಿಷಿನಲ್ಲಿ ಸೊಗಸಾಗಿ ಉತ್ತರ ಕೊಟ್ಟರು. ಆಮೇಲೆ ಕಂಟ್ರೋಲರ್ ಆ ಮಾತನ್ನು ಓದಿ, "ಇದನ್ನು ಸೌಜನ್ಯಕ್ಕಾಗಿ ಹೇಳಿದಿರೋ, ನಿಜವೆಂದು ಹೇಳಿದಿರೋ?" ಎಂದು ಕೇಳಿದರು. ಉತ್ತರವನ್ನು ಪ್ರಶ್ನೆಯಲ್ಲೇ ಇಟ್ಟುಕೊಟ್ಟಿದ್ದರು, ಎತ್ತಿಕೊಂಡರೆ ಸಾಕಿತ್ತು.

ಭಾಷಣದ ಅನುವಾದ ಸರಿಯೇ ಎಂದು ಕೇಳಲು ನಾನು ಆಗಲೇ ಎರಡು ಮಾತು ಕನ್ನಡದಲ್ಲಿ ಆಡಿದ್ದೆ. ಮಹಾಂತೇಶ ನನ್ನ ಕಡೆ ತಿರುಗಿದರು.

"ಸರ್, ನೀವು ನಮ್ಮ ಕಡೇವ್ರ ಅನಸ್ತೈತಿ. ನೀವ ಹೇಳ್ರಿ. ಅಜ್ಜಾರ ಮುಂದ, ಅಷ್ಟು ಮಂದಿ ಶರಣರ ಮುಂದ ಆಡಿದ ಮಾತು. ಅದು ಖರೆ ಅಲ್ಲ ಅಂತ ಈಗ ಹೆಂಗ ಹೇಳ್ಲಿ?"

ನನ್ನ ಬಾಯಿ ತಡೆಯಲಿಲ್ಲ. "ಖರೆ ಅಲ್ಲ ಅನಬ್ಯಾಡ್ರಿ. ಉಪಚಾರಕ್ಕ ಅಂದೆ ಅನ್ರಿ, ಸಾಕು."

ಕಂಟ್ರೋಲರಿಗೆ ಭಾಷೆ ತಿಳಿಯದಿದ್ದರೂ ನನ್ನ ದನಿ ತಿಳಿಯಿತು. "ಪರೀಕ್ಷಕರು ಉತ್ತರ ಹೇಳಿಕೊಡಬಾರದು" ಎಂದರು.

ಮಹಾಂತೇಶ ನಕ್ಕರು. "ಉಪಚಾರಕ್ಕ ಅಂದಿದ್ದಲ್ರಿ ಸರ್. ಮನಸಿನಿಂದ ಅಂದೀನಿ. ನಮ್ಮಪ್ಪನ ಮನಿ ಸ್ಲ್ಯಾಬ್ ಹಾಕೂ ಮುಂದ ನೋಡಿದ್ದ ನೆನಪಾತು, ಅಷ್ಟ. ಖರೇನ ನಂದೇನ್ ಇಲ್ರಿ."

ಅದನ್ನು ಅನುವಾದ ಮಾಡಬೇಕಾದವನು ನಾನು. ಮಾಡಿದೆ.

ಆದೇಶ ಚಿಕ್ಕದಾಗಿತ್ತು. ಇದು ಸಾಧಾರಣ ಮನುಷ್ಯನಿಗೂ ಹೊಳೆಯುವಂಥದ್ದೆಂದು ಅರ್ಜಿದಾರರೇ ಒಪ್ಪಿದ್ದಾರೆ, ಆದ್ದರಿಂದ ತಿರಸ್ಕರಿಸಲಾಗಿದೆ. ಸಾವಿರಾರು ಜನ ಓದಿದವರು ವರ್ಷಗಟ್ಟಲೆ ಒದ್ದಾಡಿದ ತೊಡಕಿಗೆ ತನ್ನಪ್ಪನ ಮನೆಯ ಸ್ಲ್ಯಾಬ್ ನೆನಪಾಗುವುದೇ ಪ್ರತಿಭೆ ಎಂದು ಯಾವ ಕಲಮಿನಲ್ಲಿ ಬರೆಯಲಿ? ಗೌಂಡಿಗೆ ಸೆಂಟ್ರಿಂಗ್ ಗೊತ್ತು, ಚಿಪ್ಪು ಗೊತ್ತಿಲ್ಲ. ಚಿಪ್ಪಿನವರಿಗೆ ಚಿಪ್ಪು ಗೊತ್ತು, ಸೆಂಟ್ರಿಂಗ್ ಕಣ್ಣಿಗೆ ಬೀಳುವುದಿಲ್ಲ. ಎರಡೂ ಒಂದೇ ತಲೆಯಲ್ಲಿ ಕೂಡಿದ್ದು ಈ ಮನುಷ್ಯನಲ್ಲಿ ಮಾತ್ರ. ಹೈಕೋರ್ಟಿಗೆ ಹೋಗುವ ದಾರಿ ಇತ್ತು. ಅವರು ಹೋಗಲಿಲ್ಲ. ಕಂಪನಿಯವರು ಹಿಂದೆ ಸರಿದರು. ಮಹಾಂತೇಶರ ಅರ್ಜಿ ಪ್ರಕಟವಾಗಿದೆ, ಹದವೆಲ್ಲ ಅದರಲ್ಲಿದೆ, ಯಾರು ಬೇಕಾದರೂ ಬಳಸಬಹುದು. ದಾಸೋಹವಂತೂ ಪೂರ್ತಿಯಾಯಿತು.

ನಾನು ನಿವೃತ್ತನಾಗಿ ಬಾಗಲಕೋಟೆಯ ನವನಗರದಲ್ಲಿ ಮನೆ ಮಾಡಿದೆ. ಹೋದ ವರ್ಷ ಅದೇ ಕಾಲೇಜಿನವರು ಮಕ್ಕಳಿಗೆ ಪೇಟೆಂಟ್ ಬಗ್ಗೆ ಹೇಳಿ ಎಂದು ಕರೆದರು. ಗೇಟಿನಲ್ಲಿ ಎದುರುಗೊಂಡವರು ಮಹಾಂತೇಶ. ಕೂದಲು ನೆರೆತಿತ್ತು. "ಬರ್ರಿ ಸರ್" ಎಂದು ಕೈ ಹಿಡಿದುಕೊಂಡೇ ಒಳಗೆ ಕರೆದುಕೊಂಡು ಹೋದರು. ಹೋಗುತ್ತ ಒಂದು ಕೋಣೆ ತೋರಿಸಿದರು. ಧೂಳು ಕೂಡದ ಆ ನೆಲದ ಮೇಲೆ ಕ್ರಿಕೆಟ್ ಪ್ಯಾಡು, ವಾಲಿಬಾಲ್ ನೆಟ್ಟು, ಮುರಿದ ಬೆಂಚು.

"ಸಿಟ್ಟಿಲ್ಲೇನ್ರಿ ನನ್ನ ಮ್ಯಾಲೆ?" ಎಂದು ಕೇಳಿಯೇಬಿಟ್ಟೆ.

"ಯಾಕ್ರಿ ಸರ್? ನೀವೇನ್ ಸುಳ್ಳ ಬರದ್ರೇನು? ನಾ ಏನ್ ಸುಳ್ಳ ಹೇಳಿದ್ನೇನು?"

ಹೌದು, ಯಾರೂ ಸುಳ್ಳು ಹೇಳಿರಲಿಲ್ಲ. ಸಿಟ್ಟು ಮಾಡಲು ಒಬ್ಬರಾದರೂ ಸಿಕ್ಕಿದ್ದರೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲ.

ಅಂದು ಬೆಳಿಗ್ಗೆ ನಾನು ಮಕ್ಕಳಿಗೆ ಕಾನೂನು ಹೇಳಲಿಲ್ಲ. ಒಂದೇ ಮಾತು ಹೇಳಿದೆ. ನೀವು ಮಾಡಿದ್ದನ್ನು ನಾನು ಮಾಡಿದ್ದು ಅನ್ನಿ. ಬಾಯಿಬಿಟ್ಟು ಅನ್ನಿ. ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ, "ಇದನ್ನ ನಾ ಮಾಡೀನಿ" ಎಂದು ಅನ್ನಿಸಿದೆ. ಒಬ್ಬರ ಮುಖ ಒಬ್ಬರು ನೋಡಿ ನಗುತ್ತ ಅಂದರು.

ಸಂಜೆ ಮಕ್ಕಳು ಮಾಡಿದ ಸಾಧನಗಳಿಗೆ ಬಹುಮಾನ ಕೊಡುವ ಕಾರ್ಯಕ್ರಮ. ಮೊದಲ ಬಹುಮಾನ ಬಾದಾಮಿ ಹತ್ತಿರದ ಹಳ್ಳಿಯ ಒಬ್ಬ ಹುಡುಗಿಗೆ. ಹಳೆಯ ಸೂಕ್ಷ್ಮದರ್ಶಕಗಳನ್ನು ಬಿಚ್ಚಿ, ಮಾಸ್ಕನ್ನು ಬಿಲ್ಲೆಯ ಮೇಲೆ ನೆಟ್ಟಗೆ ಕೂಡಿಸುವ ಸಾಧನ ಮಾಡಿದ್ದಳು. ನಾನು ತಿರುಗಿಸಿ ಮುರುಗಿಸಿ ನೋಡಿದೆ. ಅಂಥದ್ದನ್ನು ನನ್ನ ನೌಕರಿಯಲ್ಲಿ ಕಂಡಿರಲಿಲ್ಲ. ಮೈಕನ್ನು ನಾನೇ ಅವಳ ಮುಂದೆ ಹಿಡಿದು, "ಹೇಳವಾ, ಇದು ಹೆಂಗ ಹೊಳೀತು ನಿನಗ?" ಎಂದೆ.

ಅವಳು ನನ್ನನ್ನು ನೋಡಿದಳು, ಸಭೆಯನ್ನು ನೋಡಿದಳು, ತಲೆ ತಗ್ಗಿಸಿದಳು.

"ಇದರಾಗ ನಂದೇನ್ ಇಲ್ರಿ ಸರ್. ಎಲ್ಲಾ ನಮ್ಮ ಸರ್ ಅವರ ಆಶೀರ್ವಾದ."

"ತುಂಬಿದ ಕೊಡ" ಎಂದರು ಪಕ್ಕದಲ್ಲಿದ್ದ ಪ್ರಾಂಶುಪಾಲರು, ಸಂತೋಷದಿಂದ. ಸಭೆಯಲ್ಲಿ ಚಪ್ಪಾಳೆ ಎದ್ದಿತು. ಎಲ್ಲರಿಗಿಂತ ಮೊದಲು ತಟ್ಟಿದವರು ಮಹಾಂತೇಶ.